ಬಿಸ್ಕತ್ತಿನ ಲೆಕ್ಕ

ಬೆಂಗಳೂರಿನ ಜಯನಗರದ ಹಳೆಯ ಮನೆಗಳ ಗೇಟಿನಲ್ಲಿ ‘ನಾಯಿ ಇದೆ, ಎಚ್ಚರಿಕೆ’ ಎಂಬ ತಗಡಿನ ಬೋರ್ಡು ಇನ್ನೂ ತೂಗುತ್ತಿರುತ್ತದೆ. ಅದನ್ನು ಬರೆಸಿದ ಕಾಲಕ್ಕೆ ಮಾತು ನಿಜವೇ ಆಗಿತ್ತು. ಹಗಲು ಸರಪಳಿಯಲ್ಲಿದ್ದು ರಾತ್ರಿ ಕಾಂಪೌಂಡಿನೊಳಗೆ ಬಿಡುಗಡೆಯಾಗುತ್ತಿದ್ದ ನಾಯಿ, ಮನೆಯವರೆಲ್ಲರ ಊಟ ಮುಗಿದ ಮೇಲೆ ಉಳಿದ ಅನ್ನ ಸಾರು ತಿಂದು ಕಳ್ಳರನ್ನು ಕಾಯುತ್ತಿತ್ತು. ಈಗ ಅದೇ ಗೇಟು ಸರಿಸಿದರೆ 40 ಕೆ.ಜಿ. ದಾಟಿದ ಲ್ಯಾಬ್ರಡಾರ್ ಏದುಸಿರು ಬಿಡುತ್ತಾ ಬಂದು ಮೊದಲು ಕೈಯನ್ನಲ್ಲ, ಕೈಚೀಲವನ್ನು ಮೂಸುತ್ತದೆ. ಒಳಗೆ ಏನಾದರೂ ತಿನ್ನಲು ಇದೆಯೇ ಎಂಬುದೊಂದೇ ಅದರ ವಿಚಾರಣೆ.

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್‌ಗಳ ಮನೆಗಳಲ್ಲಿ ಒಂದೇ ತಲೆಮಾರಿನೊಳಗೆ ನಾಯಿ ಅಂಗಳದಿಂದ ಹಾಲ್‌ಗೆ, ಹಾಲ್‌ನಿಂದ ಸೋಫಾಕ್ಕೆ ಬಂದಿದೆ. ಮೊದಲು ‘ಪಮೇರಿಯನ್’ ಎಂದು ಎಲ್ಲರೂ ಕರೆಯುತ್ತಿದ್ದ, ನಿಜದಲ್ಲಿ ಇಂಡಿಯನ್ ಸ್ಪಿಟ್ಜ್ ಆದ ಬಿಳಿ ನಾಯಿಗಳ ಕಾಲ. 2003ರ ಹಚ್ ಮೊಬೈಲ್ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡಿದ ಪಗ್ ಆಮೇಲೆ ಮನೆಮನೆಗೂ ಓಡಿಬಂತು. ಈಗ ಶಿಟ್ಜು, ಗೋಲ್ಡನ್ ರಿಟ್ರೀವರ್, ಹಸ್ಕಿಗಳ ಸರದಿ. ನಾಯಿಗೆ ಸ್ನಾನ ಮಾಡಿಸುವ ವ್ಯಾನು ಮನೆ ಬಾಗಿಲಿಗೆ ಬರುತ್ತದೆ. ಹುಟ್ಟುಹಬ್ಬಕ್ಕೆ ಕೇಕು ಸಿಗುತ್ತದೆ. ಪ್ರೀತಿಗೆ ಬಡತನವಿಲ್ಲ. ಆದರೂ ಈ ಸಾಕಣೆಯನ್ನು ಒಂದು ಪದ್ಧತಿಯಾಗಿ ಎದುರಿಗಿಟ್ಟುಕೊಂಡು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ದುಡ್ಡು ಕೊಟ್ಟರೆ ಆಗುವ ಕೆಲಸಗಳಲ್ಲಿ ನಾವು ಒಳ್ಳೆಯ ಅಂಕದಲ್ಲಿ ಪಾಸು, ಹೊತ್ತು ಕೊಟ್ಟರೆ ಮಾತ್ರ ಆಗುವ ಕೆಲಸಗಳಲ್ಲಿ ಫೇಲು. ಕೊಡಲಾಗದ ಹೊತ್ತಿಗೆ ಪರಿಹಾರವಾಗಿ ಕೊಡುತ್ತಿರುವುದು ಬಿಸ್ಕತ್ತು.

ಪಾಸಾದ ವಿಷಯವನ್ನು ಮೊದಲು ಹೇಳಬೇಕು. ಈ ಬಡಾವಣೆಗಳ ಸಾಕುನಾಯಿಯ ಯಜಮಾನರು ಚುಚ್ಚುಮದ್ದಿನ ಪುಸ್ತಕವನ್ನು ಮಗುವಿನ ತಾಯಿ ಕಾರ್ಡಿನಷ್ಟೇ ಜೋಪಾನ ಮಾಡುತ್ತಾರೆ. ಆರರಿಂದ ಎಂಟು ವಾರದೊಳಗೆ ಪಾರ್ವೊ, ಡಿಸ್ಟೆಂಪರ್‌ಗಳ ಲಸಿಕೆ ಶುರು; ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ; ಮೂರು ತಿಂಗಳಿಗೆ ರೇಬಿಸ್, ಆಮೇಲೆ ವರ್ಷವರ್ಷವೂ. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್‌ಗೆ ಮದ್ದಿಲ್ಲ, ಆದ್ದರಿಂದ ಈ ಶಿಸ್ತು ಸಣ್ಣದಲ್ಲ. ಪಕ್ಕದಲ್ಲೇ ಇರುವ ನಿಮ್ಹಾನ್ಸ್‌ನ ನ್ಯೂರೋವೈರಾಲಜಿ ವಿಭಾಗ ರೇಬಿಸ್ ಸಂಶೋಧನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗಿ ಕೇಂದ್ರ. ಆ ರೋಗದ ಭಯ ಏನೆಂದು ಈ ಊರಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಆದರೆ ಸೂಜಿಯಲ್ಲಿ ಮುಗಿಯದ ಆರೋಗ್ಯವೂ ಇದೆ. ಉಣುಗಿನ ಮಾತು ತೆಗೆದುಕೊಳ್ಳಿ. ಕತ್ತಿನ ಹಿಂದೆ ಬಿಡುವ ಔಷಧಿಯನ್ನು ತಿಂಗಳಿಗೊಮ್ಮೆ ತಪ್ಪದೆ ತರಿಸುವ ಮನೆಯಲ್ಲೇ ನಾಯಿಗೆ ಉಣುಗು ಜ್ವರ ಬರುತ್ತದೆ. ಕಿವಿಯ ಒಳಮಡಿಕೆ, ಬೆರಳುಗಳ ಸಂದು, ಕೊರಳಪಟ್ಟಿಯ ಅಡಿ, ಬಾಲದ ಬುಡ, ಇಲ್ಲೆಲ್ಲ ದಿನಕ್ಕೆ ಐದು ನಿಮಿಷ ಕೈಯಾಡಿಸಿದವರು ಯಾರೂ ಇರುವುದಿಲ್ಲ. ಊಟ ಬಿಟ್ಟು ಮಂಕಾಗಿದೆ, ಒಸಡು ಬಿಳಿಚಿಕೊಂಡಿದೆ, ಮೂಗಿನಲ್ಲಿ ರಕ್ತ ಕಂಡಿದೆ ಎಂದು ಪಶುವೈದ್ಯರ ಹತ್ತಿರ ಓಡುವ ಹೊತ್ತಿಗೆ ಎರ್ಲಿಕಿಯಾ ಎಂಬ ಸೂಕ್ಷ್ಮಾಣು ರಕ್ತದಲ್ಲಿ ಮನೆ ಮಾಡಿರುತ್ತದೆ. ಔಷಧಿ ಅಂಗಡಿಯಲ್ಲಿ ಸಿಕ್ಕಿತು, ಐದು ನಿಮಿಷ ಸಿಗಲಿಲ್ಲ.

ಈಗ ಬಿಸ್ಕತ್ತಿಗೆ ಬರೋಣ. ತಿನಿಸು ದಿನದ ಒಟ್ಟು ಆಹಾರದ ಹತ್ತರಲ್ಲೊಂದು ಪಾಲು ಮೀರಬಾರದು ಎಂಬುದು ಪಶುವೈದ್ಯರು ಒಪ್ಪಿದ ಲೆಕ್ಕ. 8 ಕೆ.ಜಿ. ತೂಕದ ಪಗ್‌ಗೆ ದಿನಕ್ಕೆ ಸುಮಾರು 500 ಕ್ಯಾಲೊರಿ ಸಾಕು, ಅಂದರೆ ತಿನಿಸಿನ ಪಾಲು 50. 100 ಗ್ರಾಂ ಗ್ಲೂಕೋಸ್ ಬಿಸ್ಕತ್ತಿನಲ್ಲಿ ಸುಮಾರು 450 ಕ್ಯಾಲೊರಿ ಇರುವುದರಿಂದ ಒಂದೊಂದು ಬಿಸ್ಕತ್ತೂ 25ರ ಆಸುಪಾಸು. ಎರಡಕ್ಕೆ ಲೆಕ್ಕ ಮುಗಿಯಿತು. ಆದರೆ ನಮ್ಮ ಮನೆಗಳಲ್ಲಿ ಆಗುವುದೇನು? ಬೆಳಗ್ಗೆ ಆರಕ್ಕೆ ಕಾಫಿ ಲೋಟ ಹಿಡಿದ ತಾತ ಎರಡು ಕೊಡುತ್ತಾರೆ. ಆಫೀಸಿಗೆ ಹೊರಟ ಮಗ, ಬಿಟ್ಟುಹೋಗುವ ಪಾಪಕ್ಕೆ ಎರಡು. ಪಾತ್ರೆ ತೊಳೆಯಲು ಬರುವಾಕೆ ತನ್ನ ಟೀ ಜೊತೆಯ ಬಿಸ್ಕತ್ತಿನಲ್ಲಿ ಒಂದು. ಶಾಲೆಯಿಂದ ಬಂದ ಮೊಮ್ಮಗಳು ‘ಶೇಕ್ ಹ್ಯಾಂಡ್’ ಮಾಡಿಸಿ ಮೂರು. ಒಟ್ಟು ಎಂಟು, 200 ಕ್ಯಾಲೊರಿ. ದಿನಕ್ಕೆ ಬೇಕಾದ್ದರ ನೂರಕ್ಕೆ ನಲವತ್ತು ಪಾಲು, ಅದೂ ಬಟ್ಟಲಿನ ಊಟ ಬಿಟ್ಟು. ಮನುಷ್ಯರ ಅಳತೆಗೆ ತಿರುಗಿಸಿದರೆ ಮೂರು ಹೊತ್ತಿನ ಊಟದ ಮೇಲೆ ದಿನವೂ ಎರಡು ಮಸಾಲೆ ದೋಸೆ. ಒಬ್ಬೊಬ್ಬರನ್ನೂ ಕೇಳಿ ನೋಡಿ, ‘ನಾನು ಕೊಟ್ಟಿದ್ದು ಒಂದೋ ಎರಡೋ ಅಷ್ಟೇ’ ಎನ್ನುತ್ತಾರೆ. ಎಲ್ಲರೂ ಸತ್ಯವನ್ನೇ ಹೇಳುತ್ತಿರುತ್ತಾರೆ. ಕೂಡಿಸುವವರು ಮಾತ್ರ ಯಾರೂ ಇಲ್ಲ.

‘ಅದು ಕೇಳುತ್ತೆ, ಕೊಡದೆ ಹೇಗಿರೋದು’ ಎಂಬ ವಾದಕ್ಕೆ ವಿಜ್ಞಾನ ಕೊಟ್ಟ ಉತ್ತರ ಕುತೂಹಲದ್ದು. ಲ್ಯಾಬ್ರಡಾರ್‌ಗಳಲ್ಲಿ ಹೆಚ್ಚುಕಡಿಮೆ ನಾಲ್ಕಕ್ಕೊಂದರಲ್ಲಿ ಪಿ.ಓ.ಎಂ.ಸಿ. ಎಂಬ ವಂಶವಾಹಿಯ ಒಂದು ಚೂರು ಕಳಚಿಹೋಗಿದೆ, ಅವಕ್ಕೆ ಹೊಟ್ಟೆ ತುಂಬಿದ ಸುದ್ದಿ ಸರಿಯಾಗಿ ತಲುಪುವುದಿಲ್ಲ ಎಂದು ಕೇಂಬ್ರಿಡ್ಜ್‌ನ ಸಂಶೋಧಕರು 2016ರಲ್ಲಿ ಪ್ರಕಟಿಸಿದರು. ಅಂಥ ನಾಯಿಯ ಕಣ್ಣಿನ ಬೇಡಿಕೆ ಸುಳ್ಳಲ್ಲ, ಆದರೆ ಅದು ಹಸಿವಿನ ಅಳತೆಯೂ ಅಲ್ಲ. ಇನ್ನೊಂದು ಅಧ್ಯಯನದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ನೂರಕ್ಕೆ 25ರಷ್ಟು ಕಡಿಮೆ ಊಟ ಕೊಟ್ಟು ಜೀವಮಾನವಿಡೀ ನೋಡಿದರು. 2002ರಲ್ಲಿ ಬಂದ ಫಲಿತಾಂಶದ ಪ್ರಕಾರ ಹೆಚ್ಚು ತಿಂದವುಗಳ ಮಧ್ಯಮ ಆಯಸ್ಸು 11.2 ವರ್ಷ, ಕಡಿಮೆ ತಿಂದವುಗಳದ್ದು 13. ಪಕ್ಕೆಯ ಮೇಲೆ ಹಗುರವಾಗಿ ಕೈಯಿಟ್ಟರೆ ಎಲುಬು ಬೆರಳಿಗೆ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಒತ್ತಿ ಹುಡುಕಬೇಕಾಗಿ ಬಂದರೆ ನಾವು ಬಿಸ್ಕತ್ತು ಹಾಕಿ ಅದರ ಆಯಸ್ಸನ್ನು ತಿನ್ನುತ್ತಿದ್ದೇವೆ ಎಂದೇ ಅರ್ಥ.

ಪ್ರಮಾಣದ ಮಾತು ಒಂದಾದರೆ, ಪದಾರ್ಥದ್ದು ಇನ್ನೊಂದು. ದಕ್ಷಿಣ ಬೆಂಗಳೂರಿನ ನಾಯಿಗೆ ಅಪಾಯ ಬರುವುದು ಹೆಚ್ಚಾಗಿ ಅಯ್ಯಂಗಾರ್ ಬೇಕರಿಯ ಪೊಟ್ಟಣದಿಂದ ಮತ್ತು ಹಬ್ಬದ ಎಲೆಯಿಂದ. ಖಾರಾ ಬನ್ನಿನಲ್ಲಿ ಈರುಳ್ಳಿ ಇದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಕೇಸರಿಬಾತಿನಲ್ಲಿ ಒಣದ್ರಾಕ್ಷಿ ಇದೆ. ದ್ರಾಕ್ಷಿ ಹಸಿಯಾಗಲಿ ಒಣಗಿರಲಿ ಕೆಲವು ನಾಯಿಗಳ ಮೂತ್ರಪಿಂಡವನ್ನೇ ಕೆಡಿಸುತ್ತದೆ, ಯಾವ ನಾಯಿಗೆ ಎಷ್ಟರಲ್ಲಿ ಎಂದು ಮೊದಲೇ ತಿಳಿಯುವಂತಿಲ್ಲ. ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್‌ನ ಜೈಲಿಟಾಲ್, ಚಾಕೊಲೇಟು, ಬೇಯಿಸಿದ ಕೋಳಿ ಮೂಳೆ, ನಮ್ಮ ತಲೆನೋವಿನ ಮಾತ್ರೆ, ಇವೂ ಆ ಸಾಲಿನವೇ. ಪ್ರಸಾದ ಬೇಡವೆನ್ನಬಾರದು ಎಂಬ ಭಾವನೆ ಮನುಷ್ಯರಿಗೆ ಸರಿ, ನಾಯಿಗೆ ಅದರಿಂದ ವಿನಾಯಿತಿ ಕೊಡೋಣ. ಅದಕ್ಕೆ ಸೌತೆಕಾಯಿ, ಕ್ಯಾರೆಟ್, ಬೇಯಿಸಿದ ಸಿಹಿಗುಂಬಳದ ಹೋಳೇ ಸಂಭ್ರಮ.

ಮೊಸರನ್ನದ ಬಗ್ಗೆ ಒಂದು ಮಾತು. ಸಸ್ಯಾಹಾರಿ ಮನೆಯ ನಾಯಿಗೆ ಮೊಸರನ್ನ ಹಾಕುವುದನ್ನು ಕೆಲವರು ಪಾಪವೆಂಬಂತೆ ಆಡಿಕೊಳ್ಳುತ್ತಾರೆ. ಮನುಷ್ಯನ ಜೊತೆ ಬಾಳಿ ನಾಯಿ ಪಿಷ್ಟವನ್ನು ಅರಗಿಸುವ ಶಕ್ತಿಯನ್ನು ತೋಳಕ್ಕಿಂತ ಬಹಳ ಹೆಚ್ಚು ಗಳಿಸಿಕೊಂಡಿದೆ ಎಂದು 2013ರಲ್ಲೇ ವಂಶವಾಹಿ ಅಧ್ಯಯನ ತೋರಿಸಿದೆ. ಅನ್ನ ಶತ್ರುವಲ್ಲ. ಮೂರು ಹೊತ್ತೂ ಅದೊಂದೇ ಆದರೆ ಪ್ರೋಟೀನು, ಖನಿಜಗಳು ಸಾಲುವುದಿಲ್ಲ, ಅಷ್ಟೇ.

ತರಬೇತಿಯ ವಿಷಯಕ್ಕೆ ಬಂದರೆ ನಮ್ಮ ಫಲಿತಾಂಶ ಇನ್ನೂ ಕೆಳಗೆ. ಇದಕ್ಕೆ ಮೊದಲ ಕಾರಣ ಭಾಷೆ. ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ನಾಯಿಯ ಹತ್ತಿರ ಮಾತ್ರ ಇಂಗ್ಲಿಷು. ಅದಾದರೂ ಒಂದೇ ಇಂಗ್ಲಿಷೇ? ತರಬೇತುದಾರ ‘ಸಿಟ್’ ಎಂದರೆ, ಮಗಳು ‘ಸಿಟ್ ಡೌನ್ ಬೇಬಿ’ ಎನ್ನುತ್ತಾಳೆ, ಅಜ್ಜಿ ‘ಕೂತ್ಕೊಳೋ ಮುಂಡೇದೇ’ ಎನ್ನುತ್ತಾರೆ, ವಾಕಿಂಗ್ ಕರೆದೊಯ್ಯುವ ಹುಡುಗ ಹಿಂದಿಯಲ್ಲಿ ‘ಬೈಠ್’ ಎನ್ನುತ್ತಾನೆ. ನಾಯಿಗೆ ವ್ಯಾಕರಣ ಬೇಡ, ಒಂದು ಕೆಲಸಕ್ಕೆ ಒಂದೇ ಸದ್ದು ಸಾಕು. ‘ಕೂತ್ಕೋ’ ‘ಬಾ’ ‘ಬಿಡು’ ‘ಇರು’, ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರ ಬಾಯಲ್ಲೂ ಸಲೀಸಾಗಿ ಬರುವ ಈ ನಾಲ್ಕು ಪದಗಳಿಗಿಂತ ಒಳ್ಳೆಯ ಪಠ್ಯಪುಸ್ತಕವಿಲ್ಲ.

ಎರಡನೆಯ ಕಾರಣ ಗುತ್ತಿಗೆ. ವಾರಕ್ಕೆ ಮೂರು ದಿನ ಅರ್ಧ ಗಂಟೆ ಬಂದು ಹೋಗುವ ತರಬೇತುದಾರನ ಮುಂದೆ ನಾಯಿ ಸಿಪಾಯಿ, ಅವನ ಬೈಕು ತಿರುವು ದಾಟಿದೊಡನೆ ಮತ್ತೆ ಅರಸುಕುಮಾರ. ಪಾಠ ನಾಯಿಗೆ ಆಯಿತು, ಮನೆಯವರಿಗೆ ಆಗಲಿಲ್ಲ. ‘ನಾಯಿಗೆ ನೀವೇ ಆಲ್ಫಾ ಎಂದು ತೋರಿಸಬೇಕು’ ಎಂದು ಚೋಕ್ ಚೈನು ಎಳೆಯುವವರು ಈಗಲೂ ಇದ್ದಾರೆ. ತೋಳಗಳ ಕುರಿತ 1970ರ ತಮ್ಮ ಪುಸ್ತಕದಿಂದ ಆ ಮಾತನ್ನು ಜನಜನಿತ ಮಾಡಿದ ಅಮೆರಿಕದ ವಿಜ್ಞಾನಿ ಡೇವಿಡ್ ಮೀಚ್ ಅವರೇ 1999ರಲ್ಲಿ ಅದನ್ನು ತಿದ್ದಿಕೊಂಡರು: ಕಾಡಿನ ತೋಳದ ಗುಂಪೆಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳ ಸಂಸಾರ. ಸರ್ವಾಧಿಕಾರಿಯ ಕಥೆ ಬಂದದ್ದು ಬೋನಿನಲ್ಲಿ ಕೂಡಿಹಾಕಿದ ಪರಿಚಯವಿಲ್ಲದ ತೋಳಗಳಿಂದ.

ಹೊಡೆತ ಬಿಟ್ಟವರು ಹಿಡಿದದ್ದು ಮತ್ತೆ ಬಿಸ್ಕತ್ತನ್ನೇ. ಅದು ಸರಿಯಾದ ದಾರಿ, ಆದರೆ ನಡೆಯುವ ಕ್ರಮ ತಲೆಕೆಳಗು. ಬಿಸ್ಕತ್ತನ್ನು ಮೂಗಿನ ಮುಂದೆ ಆಡಿಸಿ ‘ಬಾ ಬಾ’ ಎಂದರೆ ಅದು ಲಂಚ. ಕೈ ಖಾಲಿಯಿರುವಾಗ ನಾಯಿ ಬರುವುದಿಲ್ಲ. ಕರೆದಾಗ ಬಂದ ಮೇಲೆ, ಆ ಕ್ಷಣದಲ್ಲೇ, ಕಡಲೆಬೀಜದಷ್ಟು ಚೂರು ಕೊಟ್ಟರೆ ಅದು ಕೂಲಿ. ಲಂಚ ಪಡೆದವನು ಮುಂದಿನ ಸಲ ರೇಟು ಏರಿಸುತ್ತಾನೆ, ಕೂಲಿ ಪಡೆದವನು ನಾಳೆಯೂ ಕೆಲಸಕ್ಕೆ ಬರುತ್ತಾನೆ. ಸರ್ಕಾರಿ ಕಚೇರಿಗಳನ್ನು ಕಂಡ ನಮಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕೇ?

ಮರಿಯ ಕಾಲವನ್ನು ಕಳೆದುಕೊಳ್ಳುವುದು ಇನ್ನೊಂದು ನಷ್ಟ. ಹುಟ್ಟಿದ ಮೂರನೇ ವಾರದಿಂದ ಹದಿನಾಲ್ಕನೇ ವಾರದವರೆಗೆ ಮರಿ ಯಾವುದನ್ನು ಕಂಡಿತೋ ಅದು ಅದರ ಲೋಕ, ಕಾಣದ್ದೆಲ್ಲ ಅನುಮಾನ. ಲಸಿಕೆ ಮುಗಿಯಲಿ ಎಂದು ನಾಲ್ಕು ತಿಂಗಳು ಒಳಗೇ ಇಟ್ಟು, ಆಮೇಲೆ ಆಟೋ ಕಂಡರೆ ಬೊಗಳುತ್ತದೆ, ಹೆಲ್ಮೆಟ್ ಹಾಕಿದವರನ್ನು ಕಂಡರೆ ಹಾರುತ್ತದೆ ಎಂದು ದೂರುತ್ತೇವೆ. ನೆಲಕ್ಕೆ ಬಿಡದೆ ಎತ್ತಿಕೊಂಡು ಗೇಟಿನ ಬಳಿ ದಿನಕ್ಕೆ ಹತ್ತು ನಿಮಿಷ ನಿಂತರೆ ಸಾಕಿತ್ತು: ಸೊಪ್ಪಿನ ಗಾಡಿ, ಕಸದ ಆಟೋ, ಯೂನಿಫಾರ್ಮಿನ ಮಕ್ಕಳು, ಎಲ್ಲವೂ ತಾವೇ ಪಾಠ ಮಾಡಿ ಹೋಗುತ್ತಿದ್ದವು.

‘ನಾಯಿಗೆ ಕೆಲಸವಿಲ್ಲ, ನಿಲ್ಲೋಕೆ ಪುರುಸೊತ್ತಿಲ್ಲ’ ಎಂಬ ಗಾದೆಯನ್ನು ನಾವು ಕೆಲಸವಿಲ್ಲದೆ ಓಡಾಡುವವರನ್ನು ಹಂಗಿಸಲು ಬಳಸುತ್ತೇವೆ. ಈ ಬಡಾವಣೆಗಳಲ್ಲಿ ಅದರ ಮೊದಲರ್ಧ ರೋಗನಿದಾನವೇ ಆಗಿದೆ. ಬೇಟೆಯ ಹಕ್ಕಿ ಹೊತ್ತು ತರಲು ಬೆಳೆಸಿದ ರಿಟ್ರೀವರ್, ಹಿಮದಲ್ಲಿ ಗಾಡಿ ಎಳೆಯಲು ಬೆಳೆಸಿದ ಹಸ್ಕಿ, ಬಾಗಲಕೋಟೆಯ ಬಯಲಲ್ಲಿ ಮೊಲದ ಹಿಂದೆ ಓಡಲು ಬೆಳೆಸಿದ ನಮ್ಮ ಮುಧೋಳ, ಎಲ್ಲವೂ ಎರಡು ಕೋಣೆಯ ಫ್ಲ್ಯಾಟಿನಲ್ಲಿ ನಿರುದ್ಯೋಗಿಗಳು. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದ ಊರಿಗೆ ಎರಡು ಪದರದ ಕೂದಲಿನ ಹಸ್ಕಿಯನ್ನು ತರುವುದಂತೂ ಪ್ರೀತಿಯ ಹೆಸರಿನಲ್ಲಿ ನಡೆಯುವ ಅವಿವೇಕ. ಬೀದಿಯ ಮರಿಯೊಂದನ್ನು ಒಳಗೆ ಕರೆದುಕೊಂಡರೆ ಕನಿಷ್ಠ ಹವೆಯ ಜಗಳವಾದರೂ ಇರುವುದಿಲ್ಲ. ಚಪ್ಪಲಿ ಕಚ್ಚುವುದು, ಬಾಗಿಲು ಕೆರೆಯುವುದು, ಬಾಲ್ಕನಿಯಿಂದ ದಿನವಿಡೀ ಬೊಗಳುವುದು, ಇವು ಬಹುಪಾಲು ಕೆಲಸ ಕೇಳುವ ಅರ್ಜಿಗಳು. ಅನೇಕ ಪಾರ್ಕುಗಳ ಬಾಗಿಲಲ್ಲಿ ನಾಯಿಗೆ ಪ್ರವೇಶವಿಲ್ಲ, ಫುಟ್‌ಪಾತಿನಲ್ಲಿ ಸ್ಕೂಟರುಗಳಿವೆ, ಕ್ರಾಸಿಗೊಂದು ಬೀದಿನಾಯಿಗಳ ದಂಡಿದೆ, ಎಲ್ಲವೂ ನಿಜ. ಆದರೂ ಬಿಸಿಲೇರುವ ಮುನ್ನ ಮೂಸಲು ಬಿಟ್ಟು ನಿಧಾನವಾಗಿ ನಡೆಸುವ ಅರ್ಧ ಗಂಟೆಯನ್ನು ಯಾರ ಬೋರ್ಡೂ ತಡೆದಿಲ್ಲ.

2018ರಲ್ಲಿ ಮಹಾನಗರ ಪಾಲಿಕೆ ಫ್ಲ್ಯಾಟಿಗೆ ಒಂದೇ ನಾಯಿ ಎಂಬ ನಿಯಮ ತರಲು ಹೊರಟು, ಗದ್ದಲವೆದ್ದು ಹಿಂದೆ ಸರಿಯಿತು. ವಾದವೆಲ್ಲ ಎಷ್ಟು ನಾಯಿ ಎಂಬುದರ ಸುತ್ತಲೇ ಸುತ್ತಿತು. ಒಂದು ನಾಯಿಗೆ ದಿನಕ್ಕೆ ಎಷ್ಟು ಹೊತ್ತು ಎಂದು ಪಾಲಿಕೆಯೂ ಕೇಳಲಿಲ್ಲ, ಪ್ರತಿಭಟಿಸಿದ ನಾವೂ ಕೇಳಿಕೊಳ್ಳಲಿಲ್ಲ.

ಕೇಳಿಕೊಳ್ಳಲು ಒಂದು ಸಣ್ಣ ಡಬ್ಬಿ ಸಾಕು. ಬೆಳಗ್ಗೆ ನಾಯಿಯ ದಿನದ ತಿನಿಸಿನ ಪಾಲನ್ನು, ಪಗ್ ಆದರೆ ಎರಡೇ ಬಿಸ್ಕತ್ತನ್ನು, ಚೂರು ಮಾಡಿ ಡಬ್ಬಿಗೆ ಹಾಕಿಡಿ. ತಾತ, ಮಗ, ಮೊಮ್ಮಗಳು, ಕೆಲಸದಾಕೆ ಎಲ್ಲರೂ ಅದರಿಂದಲೇ ಕೊಡಲಿ, ಕೆಲಸ ಮಾಡಿಸಿ ಕೊಡಲಿ. ಡಬ್ಬಿ ಖಾಲಿಯಾದ ಮೇಲೂ ನಾಯಿ ಬಂದು ಮುಖ ನೋಡುತ್ತಾ ನಿಂತರೆ ಬೆಲ್ಟು ತೆಗೆದುಕೊಂಡು ಗೇಟು ತೆರೆಯಿರಿ.