ಶಾಖಾಚಂದ್ರನ್ಯಾಯವೂ ಮಕ್ಕಳ ಭೂಗೋಳವೂ

ಶಾಸ್ತ್ರಗ್ರಂಥಗಳಲ್ಲಿ ಶಾಖಾಚಂದ್ರನ್ಯಾಯವೆಂಬುದೊಂದುಂಟು. ಬಿದಿಗೆಯ ಚಂದ್ರನನ್ನು ಕಾಣಲಾರದೆ ಆಕಾಶವನ್ನೆಲ್ಲ ಹುಡುಕುವ ಮಗುವಿಗೆ ಹಿರಿಯರು ‘ಅಗೋ, ಆ ಮರದ ಕೊಂಬೆಯ ತುದಿಯಲ್ಲಿ ನೋಡು’ ಎನ್ನುತ್ತಾರೆ. ಚಂದ್ರನು ಕೊಂಬೆಯ ಮೇಲಿಲ್ಲ. ಅವೆರಡರ ನಡುವೆ ಎರಡು ಲಕ್ಷ ಮೈಲಿಗೂ ಮಿಕ್ಕ ಅಂತರವಿದೆ. ಆದರೂ ಕೊಂಬೆಯನ್ನು ಹಿಡಿದ ಕಣ್ಣು ಚಂದ್ರನನ್ನು ಸೇರುತ್ತದೆ. ದೂರದ ಪಟ್ಟಣಗಳನ್ನೂ ದೇಶಗಳನ್ನೂ ಮಕ್ಕಳಿಗೆ ಪರಿಚಯಮಾಡಿಕೊಡುವ ಕನ್ನಡ ಬರಹಗಳ ಗುಣದೋಷಗಳನ್ನು ವಿಚಾರಿಸುವುದಕ್ಕೆ ಈ ನ್ಯಾಯಕ್ಕಿಂತ ತಕ್ಕ ಒರೆಗಲ್ಲು ನನಗೆ ತೋರುವುದಿಲ್ಲ.

ಈ ವಿಚಾರವು ನನ್ನಲ್ಲಿ ಮೂಡಿದುದು ಪಾಠ ಹೇಳುತ್ತಿದ್ದ ಕಾಲದ ಒಂದು ಪ್ರಸಂಗದಿಂದ. ಹುಡುಗನೊಬ್ಬನು ನೈಲ್ ನದಿಯ ಉದ್ದ 6,650 ಕಿಲೋಮೀಟರುಗಳೆಂದು ತಡವರಿಸದೆ ಒಪ್ಪಿಸಿದನು. ‘ನಿನ್ನೂರಿನ ಬಳಿ ಹರಿಯುವ ತುಂಗೆಯ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ?’ ಎಂದು ಕೇಳಿದೆ. ಅವನು ಬಹಳ ಹೊತ್ತು ಯೋಚಿಸಿ, ‘ತೀರ್ಥಹಳ್ಳಿಗೆ, ಸಾರ್’ ಎಂದನು. ತರಗತಿಯೆಲ್ಲ ನಕ್ಕಿತು. ಆದರೆ ನಗೆಗೆ ಪಾತ್ರನಾಗತಕ್ಕವನು ಆ ಹುಡುಗನಲ್ಲ. ನೈಲ್ ನದಿಯ ಉದ್ದವನ್ನು ಅವನಿಗೆ ಕಲಿಸಿದವನು ನಾನು. ತುಂಗೆಯ ದಾರಿಯನ್ನು ಕಲಿಸದೆ ಬಿಟ್ಟವನೂ ನಾನೇ. ಆ ಎರಡು ನದಿಗಳೂ ಒಂದೇ ಭೂಮಿಯ ಮೇಲೆ ಹರಿಯುತ್ತವೆಂಬ ಅರಿವೇ ಅವನಲ್ಲಿ ಹುಟ್ಟಿರಲಿಲ್ಲ. ಒಂದು ಪುಸ್ತಕದಲ್ಲಿತ್ತು, ಇನ್ನೊಂದು ಮನೆಯ ಕೆಳಗಿತ್ತು. ಅಂದಿನಿಂದ ಮಕ್ಕಳ ಭೂಗೋಳದ ಪುಸ್ತಕ ಯಾವುದು ಕೈಗೆ ಬಂದರೂ, ಈ ಎರಡು ನದಿಗಳನ್ನು ಅದು ಒಂದು ಭೂಮಿಯ ಮೇಲೆ ತರುತ್ತದೆಯೆ ಎಂದು ನೋಡುವುದು ನನಗೆ ಅಭ್ಯಾಸವಾಗಿದೆ.

ಈ ದೋಷಕ್ಕೆ ಪಠ್ಯಪುಸ್ತಕಗಳು ಕಂಡುಕೊಂಡ ಪರಿಹಾರವು ಸೋಪಾನಕ್ರಮ: ಮೊದಲು ಮನೆ, ಆಮೇಲೆ ಊರು, ತಾಲ್ಲೂಕು, ಜಿಲ್ಲೆ, ರಾಜ್ಯ, ದೇಶ, ಕಡೆಗೆ ಪ್ರಪಂಚ. ತರ್ಕಕ್ಕೆ ಇದು ನಿರ್ದುಷ್ಟವಾಗಿಯೇ ಕಾಣುತ್ತದೆ. ಆದರೆ ಬಾಲಮನಸ್ಸಿನ ಗತಿ ಬೇರೆ. ಅಜ್ಜಿಯ ಕಥೆಯಲ್ಲಿ ಏಳು ಸಮುದ್ರಗಳನ್ನು ದಾಟಿಬಂದ ಮಗುವಿಗೆ ತಾಲ್ಲೂಕಿನ ಎಲ್ಲೆಕಟ್ಟುಗಳನ್ನು ಒಂದು ವರ್ಷ ಕಲಿಸಿದರೆ ಅದಕ್ಕೆ ಬೇಸರವಲ್ಲದೆ ಇನ್ನೇನು ಬಂದೀತು? ನಮ್ಮ ಪೂರ್ವಿಕರ ಕ್ರಮವು ಇದಕ್ಕೆ ವಿಪರೀತವಾದುದು. ಸಂಕಲ್ಪವನ್ನು ಹೇಳುವಾಗ ಜಂಬೂದ್ವೀಪದಿಂದ ತೊಡಗಿ, ಭರತವರ್ಷಕ್ಕೂ ಭರತಖಂಡಕ್ಕೂ ದಂಡಕಾರಣ್ಯಕ್ಕೂ ಗೋದಾವರಿಯ ದಕ್ಷಿಣತೀರಕ್ಕೂ ಇಳಿದು, ಕಟ್ಟಕಡೆಗೆ ತಾನು ಕುಳಿತ ಮಣೆಗೆ ಬರುತ್ತೇವೆ. ಇಲ್ಲಿ ಮಗುವು ಮೊದಲು ಕಲಿಯುವುದು ಪ್ರಪಂಚದಲ್ಲಿ ತನ್ನ ವಿಳಾಸವನ್ನು. ಪುರಾಣದ ಭೂಗೋಳವು ಇಂದಿನ ಶಾಸ್ತ್ರಕ್ಕೆ ಒಪ್ಪತಕ್ಕದ್ದಲ್ಲವೆಂಬುದು ಸರಿ. ಕಬ್ಬಿನಹಾಲಿನ ಸಮುದ್ರವು ಯಾವ ಭೂಪಟದಲ್ಲಿಯೂ ಇಲ್ಲ. ಆದರೆ ದೂರವನ್ನೂ ಹತ್ತಿರವನ್ನೂ ಒಂದೇ ಉಸಿರಿನಲ್ಲಿ ಸೇರಿಸುವ ಆ ಕ್ರಮದ ಬಲವನ್ನು ಅಲ್ಲಗಳೆಯಲಾಗದು.

ಶಾಖಾಚಂದ್ರನ್ಯಾಯವು ಈ ಎರಡಕ್ಕೂ ಭಿನ್ನ. ಕೊಂಬೆಯಿಂದ ಚಂದ್ರನವರೆಗೆ ಮೆಟ್ಟಲುಗಳಿಲ್ಲ, ಒಂದೇ ನೆಗೆತ. ಕೊಂಬೆ ಮಾತ್ರ ಕಣ್ಣಿಗೆ ಚೆನ್ನಾಗಿ ಪರಿಚಿತವಾದದ್ದಾಗಿರಬೇಕು. ಚಂದ್ರನು ಎಷ್ಟು ದೂರದಲ್ಲಿದ್ದರೂ ಬಾಧಕವಿಲ್ಲ. ಈ ದೃಷ್ಟಿಯಿಂದ ಕನ್ನಡದ ಕೆಲವು ಬರಹಗಳನ್ನು ನೋಡೋಣ.

ಮೊದಲನೆಯದು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. 1904ರ ಡಿಸೆಂಬರ್ 29ರಂದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಈ ಕವಿ, ಬ್ರೌನಿಂಗ್ ಕವಿಯು 1842ರಲ್ಲಿ ಪ್ರಕಟಿಸಿದ ಪದ್ಯವನ್ನು ಎತ್ತಿಕೊಂಡು, ಜರ್ಮನಿಯ ವೇಸರ್ ನದೀತೀರದ ಹ್ಯಾಮಲಿನ್ ಪಟ್ಟಣವನ್ನು ಅಳಿಸಿ, ಕಥೆಯನ್ನು ತುಂಗಾತೀರಕ್ಕೆ ತಂದರು. ಇದರಿಂದ ಮಗುವಿಗೆ ಪರದೇಶದ ಪಟ್ಟಣವೊಂದರ ಪರಿಚಯ ತಪ್ಪಿತೆಂದು ಆಕ್ಷೇಪಿಸುವವರು ಇರಬಹುದು. ನನ್ನ ಅಭಿಪ್ರಾಯದಲ್ಲಿ ಕವಿಯು ಮಾಡಿದುದೇ ಯುಕ್ತ. ಕಥೆಯು ಮೊದಲು ಕಿವಿಗೆ ಒಗ್ಗಬೇಕು. ಇಲಿಗಳು ನಮ್ಮ ಕಣಜದ ಇಲಿಗಳಾಗಬೇಕು. ತಪ್ಪು ನಮ್ಮದು: ಕವಿಯು ಕೊಂಬೆಯನ್ನು ಇಷ್ಟು ಸೊಗಸಾಗಿ ಬಗ್ಗಿಸಿಕೊಟ್ಟ ಮೇಲೆ ಚಂದ್ರನನ್ನು ತೋರಿಸುವ ಕೆಲಸವನ್ನು ಉಪಾಧ್ಯಾಯರೂ ಮನೆಯ ಹಿರಿಯರೂ ಮಾಡಲಿಲ್ಲ. ಪದ್ಯವು ಮುಗಿದ ದಿನವೇ ಭೂಪಟವನ್ನು ಬಿಚ್ಚಿ, ‘ಈ ಬೊಮ್ಮನಹಳ್ಳಿಗೆ ಅವಳಿಯಾದ ಊರೊಂದು ನಿಜವಾಗಿಯೂ ಇದೆ, 1284ನೆಯ ಇಸವಿ ಜೂನ್ 26ರಂದು ನೂರಮೂವತ್ತು ಮಕ್ಕಳು ಕಾಣೆಯಾದರೆಂದು ಆ ಊರಿನವರು ಇಂದಿಗೂ ಹೇಳುತ್ತಾರೆ’ ಎಂದರೆ, ಆ ಮಗು ಹ್ಯಾಮಲಿನ್ನನ್ನು ಜನ್ಮಾಂತರದಲ್ಲಿಯೂ ಮರೆಯಲಾರದು.

ಎರಡನೆಯದು ಶಿವರಾಮ ಕಾರಂತರ ‘ಬಾಲಪ್ರಪಂಚ’. 1936ರ ಸುಮಾರಿಗೆ, ಮಕ್ಕಳಿಗೆಂದೇ ಮೂರು ಸಂಪುಟಗಳ ವಿಶ್ವಕೋಶವನ್ನು ಪುತ್ತೂರಿನಲ್ಲಿ ಕುಳಿತ ಒಬ್ಬನೇ ಲೇಖಕನು ಸಿದ್ಧಪಡಿಸಿದನೆಂಬುದು ಕನ್ನಡದ ಭಾಗ್ಯವೇ ಸರಿ. ಆ ಸಾಹಸಕ್ಕೆ ತಲೆಬಾಗಿಯೇ ಒಂದು ಮಾತನ್ನು ಹೇಳಬೇಕಾಗಿದೆ. ವಿಶ್ವಕೋಶವು ಸ್ವಭಾವತಃ ಚಂದ್ರರ ಸಂಗ್ರಹ. ಅದು ಕೊಂಬೆಗಳನ್ನು ಕೊಡಲಾರದು. ಕೇಳುವ ಕುತೂಹಲವು ಮೊದಲೇ ಹುಟ್ಟಿರುವ ಮಗುವಿಗೆ ಅದು ಅಕ್ಷಯಪಾತ್ರೆ. ಹುಟ್ಟದಿರುವ ಮಗುವಿಗೆ ಅಟ್ಟದ ಮೇಲಿನ ಪೆಟ್ಟಿಗೆ. ಆದಕಾರಣ ಅದು ಎರಡನೆಯ ಪುಸ್ತಕವೇ ಹೊರತು ಮೊದಲನೆಯದಲ್ಲ. ಇದು ಕಾರಂತರ ದೋಷವಲ್ಲ, ಪ್ರಕಾರದ ಮಿತಿ.

ಮೂರನೆಯದು ಪೂರ್ಣಚಂದ್ರ ತೇಜಸ್ವಿಯವರ ‘ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್’. ಇದು ಮಕ್ಕಳಿಗೆಂದು ಬರೆದುದಲ್ಲ. ಆದರೂ ಹನ್ನೆರಡು ವರ್ಷ ದಾಟಿದ ಹುಡುಗರು ಇದನ್ನು ಊಟ ಮರೆತು ಓದುವುದನ್ನು ನಾನು ಕಂಡಿದ್ದೇನೆ. ಕಾರಣವೇನು? ನನ್ನ ತರಗತಿಯಲ್ಲಿ ನೈಲ್ ನದಿಯು ಒಂದು ಉತ್ತರವಾಗಿತ್ತು. ಇಲ್ಲಿ ಅದು ಒಂದು ಪ್ರಶ್ನೆಯಾಗಿದೆ. ಇಷ್ಟು ದೊಡ್ಡ ನದಿಯು ಎಲ್ಲಿಂದ ಬರುತ್ತದೆ ಎಂದು ಕೇಳಿಕೊಂಡು, ಅದರ ಮೂಲವನ್ನು ಹುಡುಕಿ ಹೊರಟವರ ಹಿಂದೆ ಓದುಗನೂ ನಡೆಯುತ್ತಾನೆ. ಸ್ಪೀಕನು 1858ರಲ್ಲಿ ವಿಕ್ಟೋರಿಯಾ ಸರೋವರದ ದಡವನ್ನು ಮುಟ್ಟಿದುದು ಇಸವಿಯಾಗಿ ಉಳಿಯದೆ ಘಟನೆಯಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ. ಮಲೆನಾಡಿನಲ್ಲಿ ಬಾಳಿದ ಲೇಖಕನ ಮಾತು ನಮ್ಮ ಜಗಲಿಯ ಮಾತಾಗಿರುವುದರಿಂದ ಆ ಮಾತೇ ಇಲ್ಲಿ ಕೊಂಬೆಯಾಗಿದೆ.

ಸಂಸ್ಕೃತವನ್ನು ಓದಿದವರಿಗೆ ಇದು ಹೊಸತಲ್ಲ. ಮೇಘದೂತದ ಯಕ್ಷನು ರಾಮಗಿರಿಯಿಂದ ಅಲಕೆಗೆ ದಾರಿಯನ್ನು ಹೇಳುವಾಗ ಊರುಗಳ ಪಟ್ಟಿಯನ್ನು ಕೊಡುವುದಿಲ್ಲ. ವಿದಿಶೆಯಲ್ಲಿ ವೇತ್ರವತಿಯ ನೀರುಂಟು; ದಾರಿ ಓರೆಯಾದರೂ ಉಜ್ಜಯಿನಿಯನ್ನು ಬಿಡಬಾರದು, ಅಲ್ಲಿ ಮಹಾಕಾಲನ ಸಂಧ್ಯಾಪೂಜೆಗೆ ಗುಡುಗಿನ ಮದ್ದಳೆ ಬೇಕು. ಒಂದೊಂದು ಊರಿನಲ್ಲಿಯೂ ಮೇಘಕ್ಕೆ ಒಂದೊಂದು ಕೆಲಸವಿದೆ. ಕೆಲಸವಿಲ್ಲದ ಊರು ಯಾರ ನೆನಪಿನಲ್ಲಿಯೂ ನಿಲ್ಲುವುದಿಲ್ಲ. ರಾಜಧಾನಿ, ಜನಸಂಖ್ಯೆ, ಮುಖ್ಯ ಬೆಳೆ ಎಂಬ ಮೂರು ಸಾಲುಗಳ ಭೂಗೋಳವು ಸೋಲುವುದು ಇಲ್ಲಿಯೇ.

ಹಾಗಾದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಮಗುವಿಗೆ ಕೊಂಬೆಗಳು ಯಾವುವು? ಹುಡುಕಿಕೊಂಡು ಹೋಗಬೇಕಾಗಿಲ್ಲ, ಹಿತ್ತಿಲಿಗೆ ಹೋದರೆ ಸಾಕು. ಅಡಕೆಮರಕ್ಕೆ ಹಬ್ಬಿದ ಮೆಣಸಿನಬಳ್ಳಿಯು ವೆನಿಸ್ಸಿನ ವರ್ತಕರನ್ನು ಸಿರಿವಂತರನ್ನಾಗಿ ಮಾಡಿತು. ಅದನ್ನೇ ಅರಸಿ ಲಿಸ್ಬನ್ನಿನ ಹಡಗುಗಳು 1498ರಲ್ಲಿ ಕಲ್ಲಿಕೋಟೆಗೆ ಬಂದವು. ಬೆಳಗಿನ ಕಾಫಿಯ ಲೋಟವನ್ನು ಹಿಡಿದರೆ, ಬಾಬಾಬುಡನ್ ಏಳು ಬೀಜಗಳನ್ನು ತಂದರೆಂದು ನಮ್ಮ ಜಿಲ್ಲೆಯವರೆಲ್ಲ ಹೇಳುವ ಯೆಮನ್ ದೇಶದ ಮೋಖಾ ರೇವಿಗೂ, ಅಲ್ಲಿಂದಾಚೆಗೆ ಆ ಗಿಡದ ತವರಾದ ಇಥಿಯೋಪಿಯಕ್ಕೂ ಹೋಗಬಹುದು. ನರಸಿಂಹರಾಜಪುರದ ಸುತ್ತಿನ ರಬ್ಬರ್ ತೋಟಗಳ ಮೂಲವಂಶವು ಅಮೆಜಾನ್ ನದಿಯ ಕಾಡಿನದು. 1876ರಲ್ಲಿ ಬೀಜಗಳು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಬಂದು, ಅಲ್ಲಿಂದ ಸಿಂಹಳಕ್ಕೂ ಮಲಯಕ್ಕೂ ಹರಡಿದವು. ಶೃಂಗೇರಿಯ ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಸ್ತಂಭಗಳ ನಡುವೆ ನಿಂತು, ಸೂರ್ಯನು ಮಕರಕ್ಕೆ ಬಂದಾಗ ನಮಗೆ ಚಳಿಯಾದರೆ ಮೆಲ್ಬರ್ನ್ ಪಟ್ಟಣದವರಿಗೆ ಬಿರುಬೇಸಗೆ ಏಕೆ ಎಂದು ಕೇಳಿದರೆ ಭೂಮಿಯ ಓರೆಯನ್ನೇ ಕಲಿಸಿದಂತಾಗುತ್ತದೆ.

ಇನ್ನು ನದಿ. ವರಾಹಪರ್ವತದ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುತ್ತಾರೆ. ನೇತ್ರಾವತಿಯು ಪಶ್ಚಿಮಕ್ಕೆ ಇಳಿದು ಮಂಗಳೂರಿನಲ್ಲಿ ಅರಬ್ಬೀಸಮುದ್ರವನ್ನು ಸೇರುತ್ತಾಳೆ. ಅಕ್ಕತಂಗಿಯರಿಬ್ಬರಲ್ಲಿ ಒಬ್ಬಳು ಶೃಂಗೇರಿ ಹರಿಹರಪುರಗಳ ಮೇಲೆಯೂ, ಇನ್ನೊಬ್ಬಳು ಕಳಸ ಬಾಳೆಹೊನ್ನೂರುಗಳ ಮೇಲೆಯೂ ಹರಿದು, ಕೂಡಲಿಯಲ್ಲಿ ಒಂದಾಗಿ, ಹಂಪೆಯನ್ನೂ ಮಂತ್ರಾಲಯವನ್ನೂ ಕಂಡು, ಕೃಷ್ಣೆಯೊಡನೆ ಬಂಗಾಳಕೊಲ್ಲಿಗೆ ಹೋಗುತ್ತಾರೆ. ಒಂದೇ ಬೆಟ್ಟದ ಮೇಲೆ ಬಿದ್ದ ಮಳೆಯ ಎರಡು ಹನಿಗಳು ಎರಡು ಸಮುದ್ರಗಳಿಗೆ ಹೋಗುತ್ತವೆಂಬ ಈ ಒಂದು ಸಂಗತಿಯನ್ನು ಮನಗಂಡ ಮಗುವಿಗೆ ಪ್ರಪಂಚದ ಯಾವ ಪರ್ವತಶ್ರೇಣಿಯ ಪಾಠವೂ ಕಠಿನವಾಗದು. ನೈಲ್ ನದಿಯ ಮೂಲಕ್ಕಾಗಿ ಜನರು ಪ್ರಾಣವನ್ನೇಕೆ ಪಣವಾಗಿಟ್ಟರೆಂಬುದೂ ಅದಕ್ಕೆ ತಿಳಿದೀತು.

ಈಗ ಕೈಯಲ್ಲಿರುವ ಮೊಬೈಲಿನ ಪರದೆಯ ಮೇಲೆ ಪ್ಯಾರಿಸ್ಸೂ ಟೋಕಿಯೋವೂ ಕ್ಷಣದಲ್ಲಿ ಕಾಣುವಾಗ ಪುಸ್ತಕದ ಚಿಂತೆ ಏಕೆಂದು ಕೇಳಬಹುದು. ಪರದೆಯು ಚಂದ್ರನನ್ನು ಕೈಗೇ ಕೊಡುತ್ತದೆಂಬುದು ನಿಜ. ಆದರೆ ಕೊಂಬೆಯನ್ನು ಕಡಿದು ಕೊಡುತ್ತದೆ. ಎಲ್ಲ ಊರುಗಳೂ ಎಲ್ಲಿಂದಲೂ ಒಂದೇ ದೂರದಲ್ಲಿದ್ದರೆ ಯಾವ ಊರೂ ದೂರವಲ್ಲ. ದೂರವಿಲ್ಲದ ಕಡೆ ಹಂಬಲವಿಲ್ಲ. ಇದು ಬರಿಯ ಪಾಠದ ಮಾತಲ್ಲ. ನಮ್ಮ ಮೂರು ತಾಲ್ಲೂಕುಗಳ ಹುಡುಗರಲ್ಲಿ ಬಹುಮಂದಿ ಓದು ಮುಗಿಸಿ ಬೆಂಗಳೂರಿಗೋ ಅದರಾಚೆಗೋ ಹೋಗುತ್ತಾರೆ. ಹೋಗುವುದು ತಪ್ಪಲ್ಲ, ರಘುವಿನ ದಿಗ್ವಿಜಯವನ್ನು ಓದಿಸಿದ ನಾವೇ ಬೇಡವೆನ್ನಬಹುದೆ? ಆದರೆ ತಾನು ಹೊರಟ ಸ್ಥಳವನ್ನು ಅರಿಯದವನು ಸೇರಿದ ಸ್ಥಳವನ್ನೂ ಅರಿಯಲಾರನು. ತುಂಗೆ ಎಲ್ಲಿಗೆ ಹೋಗುತ್ತಾಳೆಂದು ತಿಳಿಯದೆ ಹೋದ ನನ್ನ ಶಿಷ್ಯನು ಇಂದು ದೂರದ ಪಟ್ಟಣವೊಂದರಲ್ಲಿದ್ದಾನೆ. ಅವನ ಮಕ್ಕಳು ರಜೆಗೆ ಬಂದಾಗ ಹೊಳೆಯ ಹೆಸರನ್ನು ಅಜ್ಜನನ್ನು ಕೇಳುತ್ತಾರೆ. ಅಜ್ಜನಿರುವ ತನಕ ಉತ್ತರವುಂಟು.

ಆದುದರಿಂದ ಈ ನಾಡಿನ ಬಲ್ಲ ಲೇಖಕರಲ್ಲಿ ಒಂದು ಬಿನ್ನಹ. ಮೆಣಸು, ಕಾಫಿ, ರಬ್ಬರ್, ನದಿ, ಕಂಬ, ಕಥೆ ಇವುಗಳಿಂದ ಹೊರಟು ಒಂದೊಂದು ಅಧ್ಯಾಯದಲ್ಲಿ ಒಂದೊಂದು ಊರನ್ನು ಸೇರುವ ಪುಸ್ತಕವೊಂದನ್ನು ಬರೆಯಿರಿ. ಪರದೇಶವನ್ನು ಹೊಗಳಿ ನಮ್ಮ ಊರನ್ನು ಹೀಗಳೆಯುವುದೂ ಬೇಡ. ನಮ್ಮದನ್ನು ಹೊಗಳಿ ಅವರದನ್ನು ಹಳಿಯುವುದೂ ಬೇಡ. ನೀತಿಪಾಠವನ್ನು ಕೊನೆಗೆ ಅಂಟಿಸಬೇಡಿರಿ. ಊರುಗಳ ಹೆಸರುಗಳನ್ನು ಆಯಾ ಊರಿನವರು ಉಚ್ಚರಿಸುವಂತೆ ಬರೆಯುವ ಶಕ್ತಿ ನಮ್ಮ ಲಿಪಿಗಿದೆ, ಅದನ್ನು ಬಳಸಿರಿ. ಅಂಥ ಪುಸ್ತಕವು ಬರುವ ತನಕ ಮನೆಯ ಹಿರಿಯರು ಸಂಜೆ ಮಕ್ಕಳನ್ನು ಹೊಳೆಯ ದಡಕ್ಕೆ ಕರೆದೊಯ್ದು, ‘ಈ ನೀರು ಎಲ್ಲಿಗೆ ಹೋಗುತ್ತದೆ, ಹೇಳು ನೋಡೋಣ’ ಎಂದು ಕೇಳಿದರೆ ಅಷ್ಟೇ ಸಾಕು. ನಾನು ಅದನ್ನು ಕೇಳುವುದಕ್ಕೆ ಬಹಳ ತಡಮಾಡಿದೆ.