ಕ್ಲಿಂಗನ್ನರ ಗಂಟಲು

1979ರ ಮೊದಲ ‘ಸ್ಟಾರ್ ಟ್ರೆಕ್’ ಚಿತ್ರದಲ್ಲಿ ಕ್ಲಿಂಗನ್ನರೆಂಬ ಅನ್ಯಗ್ರಹದವರಿಗಿದ್ದದ್ದು ನಟ ಜೇಮ್ಸ್ ಡೂಹನ್ ಹೊಸೆದುಕೊಟ್ಟ ಒಂದಿಷ್ಟು ಒರಟು ಮಾತು. ಅದನ್ನೇ ಇಟ್ಟುಕೊಂಡು, 1984ರ ಮೂರನೆಯ ಚಿತ್ರಕ್ಕಾಗಿ ಭಾಷಾವಿಜ್ಞಾನಿ ಮಾರ್ಕ್ ಒಕ್ರಾಂಡ್ ಇಡೀ ಭಾಷೆಯನ್ನೇ ಬೆಳೆಸಿದರು.

ಅವರ ಜಾಣ್ಮೆ ಇರುವುದು ಧ್ವನಿಗಳ ಆಯ್ಕೆಯಲ್ಲಿ. ನಾಲಿಗೆ ಮಡಿಚಿ ಹೇಳುವ ‘ಡ’ ಇದೆ, ಅದರ ಜೋಡಿ ‘ಟ’ ಇಲ್ಲ. ‘ಷ’ ಇದೆ, ‘ಸ’ ಇಲ್ಲ. ‘ಕ’ವೂ ಇಲ್ಲ, ಬದಲಿಗೆ ಗಂಟಲಾಳದ ಸದ್ದುಗಳು. ಬಿಡಿಬಿಡಿಯಾಗಿ ಎಲ್ಲವೂ ಭೂಮಿಯ ಭಾಷೆಗಳಲ್ಲಿ ಸಿಗುವಂಥವೇ. ಒಟ್ಟು ಕಂತೆ ಮಾತ್ರ ಬೇಕೆಂದೇ ಸೊಟ್ಟ. ಸಾಲಾಗಿ ವರ್ಗ ಕಟ್ಟಿದ ನಮ್ಮ ವರ್ಣಮಾಲೆಗೆ ಒಗ್ಗಿದ ಕಿವಿಗೆ ಈ ಕಿಡಿಗೇಡಿತನ ಚೆನ್ನಾಗಿಯೇ ತಾಕುತ್ತದೆ.

ಪದಕಟ್ಟಣೆ ಇನ್ನೂ ಮಜಾ. ಬಹುವಚನಕ್ಕೆ ಮೂರು ಪ್ರತ್ಯಯ: ಮಾತಾಡಬಲ್ಲ ಜೀವಿಗಳಿಗೆ ‘ಪು’, ದೇಹದ ಅಂಗಗಳಿಗೆ ‘ಡು’ (ಎರಡರ ಕೊನೆಗೂ ಗಂಟಲು ಬಿಗಿಯಬೇಕು), ಉಳಿದವಕ್ಕೆ ‘ಮೇಯ್’. ಮಕ್ಕಳಿಗೆ ‘ಮೇಯ್’ ಹಚ್ಚಿದರೂ ತಪ್ಪಲ್ಲ. ಆಗ ಅವರು ಮನೆತುಂಬ ಚದುರಿದ ಮಕ್ಕಳು.