ಡಿಶ್ಶಿನಲ್ಲಿ ಕಾಣದ ತವರು

ಗಲ್ಫ್ ನಗರಗಳ ಹಳೆಯ ವಸತಿ ಕಟ್ಟಡಗಳಲ್ಲಿ ಡಿಶ್‌ಗಳ ಮುಖ ನೋಡಿಯೇ ಅಲ್ಲಿರುವವರು ಎಲ್ಲಿಯವರೆಂದು ಊಹಿಸಬಹುದಿತ್ತು. ಅರಬ್‌ಸ್ಯಾಟ್, ನೈಲ್‌ಸ್ಯಾಟ್ ಹಿಡಿಯುವ ಅರಬರ ಡಿಶ್ ಪಡುವಣಕ್ಕೆ ವಾಲಿರುತ್ತಿತ್ತು. ಭಾರತ, ಪಾಕಿಸ್ತಾನದವರ ಡಿಶ್ ಆಗ್ನೇಯಕ್ಕೆ. ಭೂಮಧ್ಯರೇಖೆಯ ನೆತ್ತಿಯಲ್ಲಿ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ ನಿಂತ ಉಪಗ್ರಹಕ್ಕೆ ಮರೆಯಿಲ್ಲದ ದಾರಿ ಬೇಕು. ಬಾಲ್ಕನಿ ಆ ದಿಕ್ಕಿಗೆ ಇಲ್ಲದವನಿಗೆ ಊರಿನ ಚಾನೆಲ್ ಇಲ್ಲ.

ಇದಕ್ಕಾಗಿ ಜನ ಪಟ್ಟ ಪಾಡು ಸಣ್ಣದಲ್ಲ. ಮೊದಲು ಆರೆಂಟು ಅಡಿಯ ಸಿ-ಬ್ಯಾಂಡ್ ಡಿಶ್, ಅದನ್ನು ತಾರಸಿಗೆ ಏರಿಸಲು ಮಾಲೀಕನ ಒಪ್ಪಿಗೆ. 2003ರ ಬಳಿಕ ಭಾರತದಲ್ಲಿ ಡಿಟಿಎಚ್ ಬಂದಾಗ ಊರಿನ ವಿಳಾಸದಲ್ಲಿ ತೆಗೆದ ಬಾಕ್ಸು, ಕಾರ್ಡುಗಳು ಸೂಟ್‌ಕೇಸಿನಲ್ಲಿ ಕಡಲು ದಾಟಿದವು. ರೀಚಾರ್ಜ್ ಮಾಡುವವನು ಊರಿನಲ್ಲಿರುವ ತಮ್ಮ. ಆ ಕಂಪನಿಗಳ ಪರವಾನಗಿ ಭಾರತಕ್ಕೆ ಮಾತ್ರ ಸೀಮಿತ. ಹಕ್ಕುದಾರರ ಪಾಲು ತಪ್ಪಿಸಿ ನೋಡುವುದು ಕಾನೂನಿಗೂ ಒಪ್ಪದು, ನೀತಿಗೂ ಒಪ್ಪದು. ಆದರೂ ದಿನಕ್ಕೆ ಹತ್ತು ಹನ್ನೆರಡು ಗಂಟೆ ದುಡಿದು ಬಂದವರು ಇಷ್ಟೆಲ್ಲ ಮಾಡಿದರೆಂದರೆ ಅದರ ಹಿಂದಿನ ಹಸಿವು ಎಂಥದೆಂದು ನಾವು ಕೇಳಲೇಬೇಕು.

ಆ ಹಸಿವಿಗೆ ಯುರೋಪಿನ ನ್ಯಾಯಾಲಯಗಳು ಹಕ್ಕಿನ ಸ್ಥಾನ ಕೊಟ್ಟಿವೆ. 1994ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ ತುರ್ಕಿ ಮೂಲದ ಬಾಡಿಗೆದಾರನೊಬ್ಬನ ಪ್ರಕರಣದಲ್ಲಿ, ತಾಯ್ನಾಡಿನ ಚಾನೆಲ್‌ಗಳನ್ನು ನೋಡಲು ಡಿಶ್ ಹಾಕಿಕೊಳ್ಳುವ ಅವನ ಹಿತವನ್ನು ಮನೆ ಮಾಲೀಕ ಸುಮ್ಮನೆ ತಳ್ಳಿಹಾಕುವಂತಿಲ್ಲವೆಂದಿತು. ಸ್ವೀಡನ್ನಿನ ಪ್ರಕರಣ ಇನ್ನೂ ಮನ ಕಲಕುವಂಥದ್ದು. ಸ್ಟಾಕ್‌ಹೋಮಿನ ರಿಂಕೆಬಿ ಎಂಬಲ್ಲಿ ಮೂರು ಮಕ್ಕಳಿದ್ದ ಇರಾಕಿ ಕುಟುಂಬವೊಂದು ಅರಬಿ, ಫಾರ್ಸಿ ಕಾರ್ಯಕ್ರಮ ನೋಡಲು ಡಿಶ್ ಇಟ್ಟುಕೊಂಡಿತ್ತು. ತೆಗೆಯಿರಿ ಎಂದರು, ತೆಗೆಯಲಿಲ್ಲ. ಆ ದೇಶದ ನ್ಯಾಯಾಲಯ ಕುಟುಂಬವನ್ನೇ ಮನೆಯಿಂದ ಹೊರಹಾಕಲು ಒಪ್ಪಿತು. ಪ್ರಕರಣ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕು ನ್ಯಾಯಾಲಯಕ್ಕೆ ಹೋಯಿತು. 2008ರ ಡಿಸೆಂಬರ್ 16ರಂದು ತೀರ್ಪು ಕುಟುಂಬದ ಪರವಾಗಿ ಬಂತು. ಮಾಹಿತಿ ಪಡೆಯುವ ಸ್ವಾತಂತ್ರ್ಯವೆಂದರೆ ರಾಜಕೀಯ ಸುದ್ದಿಯಷ್ಟೇ ಅಲ್ಲ, ಸಂಸ್ಕೃತಿ ಮತ್ತು ಮನರಂಜನೆಯೂ ಅದರಲ್ಲಿ ಸೇರಿದೆ. ಮಕ್ಕಳಿರುವ ವಲಸಿಗ ಕುಟುಂಬಕ್ಕೆ ತನ್ನ ಭಾಷೆ, ಸಂಸ್ಕೃತಿಯ ನಂಟು ಉಳಿಸಿಕೊಳ್ಳುವುದು ಮುಖ್ಯ ಎಂದು ನ್ಯಾಯಾಧೀಶರು ಹೇಳಿದರು.

ಹಕ್ಕಿನ ಮಾತು ಇಲ್ಲಿಗೆ ಸರಿ. ನಮ್ಮ ಪ್ರಶ್ನೆ ಮುಂದಿನದು. ಅಷ್ಟು ಕಷ್ಟಪಟ್ಟು ತಿರುಗಿಸಿಕೊಂಡ ಡಿಶ್ಶಿನಲ್ಲಿ ಬಂದಿಳಿದದ್ದು ಯಾರ ತವರು?

ಕನ್ನಡದ ಮಟ್ಟಿಗೆ ಈ ಪ್ರಶ್ನೆ ಕೇಳಲು ಧಾರವಾಡ ಜಿಲ್ಲೆಯ ನವಲಗುಂದ ತಾಲೂಕಿನ ತಿರ್ಲಾಪುರದಂಥ ಊರನ್ನು ಅಳತೆಗೋಲಾಗಿ ಇಟ್ಟುಕೊಳ್ಳೋಣ. ಇದು ಭಟ್ಕಳ, ಮಂಗಳೂರುಗಳಂತೆ ಗಲ್ಫ್ ಹಣದಿಂದ ಬೆಳೆದ ಸೀಮೆಯಲ್ಲ. ಎರೆ ಹೊಲ, ಹತ್ತಿ, ಕಡಲೆ, ಉಳ್ಳಾಗಡ್ಡಿಯ ನಾಡು. ಮಳೆ ಕೈಕೊಟ್ಟರೆ ಹುಬ್ಬಳ್ಳಿಗೆ, ಗೋವೆಗೆ ದುಡಿಯಲು ಹೋಗುವವರೇ ಹೆಚ್ಚು. ಗಲ್ಫಿಗೆ ಹೋಗುವವರು ಅಲ್ಲೊಬ್ಬ ಇಲ್ಲೊಬ್ಬ: ಡ್ರೈವರ್, ಗೌಂಡಿ, ವೆಲ್ಡರ್. ಹಾಗಾಗಿ ಅಲ್ಲಿ ಅವರಿಗೆ ತಮ್ಮ ಕಡೆಯವರ ಗುಂಪಿಲ್ಲ. ರೂಮಿನಲ್ಲಿ ಮಲಯಾಳಿಗಳಿದ್ದರೆ ಮಲಯಾಳಂ ಚಾನೆಲ್, ಹೈದರಾಬಾದಿನವರಿದ್ದರೆ ಹಿಂದಿ, ಉರ್ದು ಚಾನೆಲ್. ರಿಮೋಟು ಹೆಚ್ಚು ಜನರಿದ್ದ ಕಡೆಯ ಕೈಯಲ್ಲಿ. ಕನ್ನಡ ಬೇಕೆನ್ನುವವನು ಒಬ್ಬನೇ.

ಆ ಒಬ್ಬನ ಮನೆಯ ಮಾತೂ ಒಂದಲ್ಲ. ಒಳಗೆ ದಖನಿ, ಹೊಸ್ತಿಲು ದಾಟಿದರೆ ಧಾರವಾಡ ಕಡೆಯ ಕನ್ನಡ. ‘ಬರ್ರಿ, ಕುಂದರ್ರಿ, ಚಾ ಕುಡೀರಿ’ ಎಂಬುದನ್ನು ಅವನೂ ಪಕ್ಕದ ಮನೆಯ ಲಿಂಗಾಯತರೂ ಒಂದೇ ರಾಗದಲ್ಲಿ ಹೇಳುತ್ತಾರೆ. ಈ ಸೀಮೆಯ ಹಳ್ಳಿಗಳಲ್ಲಿ ಮೊಹರಂ ಬಂದರೆ ಹೆಜ್ಜೆ ಹಾಕುವವರು, ಕನ್ನಡದಲ್ಲೇ ರಿವಾಯತ್ ಪದ ಹಾಡುವವರು ಎರಡೂ ಕಡೆಯವರು. ಇದೇ ತಾಲೂಕಿನ ಯಮನೂರಿನ ಉರುಸಿನಲ್ಲಿ ರಾಜಾಬಾಗ್‌ಸವಾರರೆಂದು ಸಕ್ಕರೆ ಓದಿಸುವವರೂ ಚಾಂಗದೇವನೆಂದು ಕೈಮುಗಿಯುವವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ನವಲಗುಂದದ ಹೆಸರಾಂತ ಜಮಖಾನೆಯನ್ನು ನೇಯ್ದು ಉಳಿಸಿದವರು ಮುಸ್ಲಿಂ ಹೆಣ್ಣುಮಕ್ಕಳು. ಇದು ಅವನ ತವರು.

ಕನ್ನಡ ಟಿ.ವಿ. ಇದರಲ್ಲಿ ಎಷ್ಟನ್ನು ಕಳಿಸಿತು? ಆಕಾಶವಾಣಿಯ ವಿದೇಶ ವಿಭಾಗ ಗಲ್ಫ್ ಕಡೆಗೆ ಶಾರ್ಟ್‌ವೇವಿನಲ್ಲಿ ಕನ್ನಡವನ್ನೂ ಕಳಿಸುತ್ತಿತ್ತು. ಅದು ಕೇಳುಗ ಎಲ್ಲಿದ್ದಾನೆಂದು ತಿಳಿದು ಮಾಡಿದ ಪ್ರಸಾರ. 1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ (2015ರಿಂದ ಕಲರ್ಸ್ ಕನ್ನಡ), 2006ರಲ್ಲಿ ಝೀ ಕನ್ನಡ, 2007ರಲ್ಲಿ ಸುವರ್ಣ ಬಂದವು. ಅವುಗಳಿಂದ ಒಳ್ಳೆಯದು ಬಂದಿಲ್ಲವೆಂದು ನಾವು ಹೇಳಲಾರೆವು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ‘ಎದೆ ತುಂಬಿ ಹಾಡುವೆನು’ ದೂರದವರ ಸಂಜೆಗಳನ್ನು ತುಂಬಿತು. ಟಿ.ಎನ್. ಸೀತಾರಾಂ ಅವರ ‘ಮುಕ್ತ’ ನ್ಯಾಯಾಲಯ, ರಾಜಕಾರಣಗಳನ್ನು ಮನೆಯ ಮಾತುಕತೆಗೆ ತಂದಿತು.

ಆದರೆ ಒಟ್ಟು ಧಾರಾವಾಹಿ ಲೋಕದ ಮನೆ ಬೆಂಗಳೂರು, ಮೈಸೂರಿನ ಮನೆ. ಅಲ್ಲಿ ಧಾರವಾಡದ ಕನ್ನಡಕ್ಕೆ ಬಹುಕಾಲ ಸಿಕ್ಕಿದ್ದು ನಗಿಸುವ ಕೆಲಸ. ಮನೆಗೆಲಸದವನೋ ಪೆದ್ದ ನೆಂಟನೋ ಆ ಮಾತಾಡಬೇಕು. ಉತ್ತರ ಕರ್ನಾಟಕದ ಮನೆಯನ್ನೇ ಕಥೆಯ ನಡುವಿಗೆ ತಂದ ‘ಗಿಣಿರಾಮ’ದಂಥ ಧಾರಾವಾಹಿಗೆ 2020ರ ತನಕ ಕಾಯಬೇಕಾಯಿತು. ಮುಸ್ಲಿಂ ಪಾತ್ರದ ಗತಿ ಇನ್ನೂ ಬಡವು. ನೂರಾರು ಕಂತು ಓಡುವ ಕಥೆಯ ಬೀದಿಯಲ್ಲಿ ಒಂದು ಮುಸ್ಲಿಂ ಮನೆ ಕಾಣುವುದು ಅಪರೂಪ. ಕಂಡರೆ ಗ್ಯಾರೇಜಿನವ ಅಥವಾ ಮಟನ್ ಅಂಗಡಿಯವ, ಬಾಯಲ್ಲಿ ‘ನಮ್ದುಕೆ, ನಿಮ್ದುಕೆ’. ಹಳೆಯ ನಾಟಕ ಕಂಪನಿಗಳ ಹಾಸ್ಯದಿಂದ ಬಂದ ಈ ತೊದಲು ಕನ್ನಡವನ್ನು ತಿರ್ಲಾಪುರದ ಕಡೆಯ ಮುಸ್ಲಿಮರು ಆಡುವುದಿಲ್ಲ. ಬಸವಣ್ಣನ ವಚನವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿ ಬೆಳೆದವನು ಪರದೇಶದಲ್ಲಿ ಮಲಯಾಳಿ ಗೆಳೆಯರ ಮುಂದೆ ‘ಇದು ನಮ್ಮ ಚಾನೆಲ್’ ಎಂದು ಹಾಕಿ, ಆ ‘ನಮ್ದುಕೆ’ಗೆ ತಾನೂ ನಗಬೇಕಾಗುತ್ತದೆ. ತನ್ನ ಭಾಷೆಯಲ್ಲೇ ತಾನು ಹೊರಗಿನವನೆಂದು ಅವನಿಗೆ ಗೊತ್ತಾಗುವುದು ಹೀಗೆ.

ಪಕ್ಕದ ಮಲಯಾಳಂ ಏನು ಮಾಡಿತು ನೋಡಿ. ಅದರ ಮೊದಲ ಉಪಗ್ರಹ ಚಾನೆಲ್ ಏಷ್ಯಾನೆಟ್ 1993ರಲ್ಲಿ ರಷ್ಯದ ಉಪಗ್ರಹವೊಂದರ ಮೂಲಕ ಶುರುವಾಯಿತು. ಕೈರಳಿ ಚಾನೆಲ್ಲಿನಲ್ಲಿ ಚಿತ್ರ ನಿರ್ದೇಶಕ ಪಿ.ಟಿ. ಕುಂಞು ಮುಹಮ್ಮದ್ ‘ಪ್ರವಾಸಲೋಕಂ’ ಎಂಬ ಕಾರ್ಯಕ್ರಮ ನಡೆಸಿದರು. ಗಲ್ಫಿಗೆ ಹೋಗಿ ಪತ್ತೆಯಿಲ್ಲದಾದವರ ತಾಯಿ, ಹೆಂಡತಿಯರು ಕ್ಯಾಮೆರಾದ ಮುಂದೆ ಬಂದು ಹೆಸರು ಹೇಳಿ ಕೇಳುತ್ತಿದ್ದರು. ಅಲ್ಲಿ ನೋಡಿದವರು ಸುಳಿವು ಕೊಡುತ್ತಿದ್ದರು. ಹೀಗೆ ಎಷ್ಟೋ ಮಂದಿ ಸಿಕ್ಕರು. ಊರಿನ ಟಿ.ವಿ. ವಲಸಿಗನಿಗೆ ತೋರಿಸುವುದರ ಜೊತೆಗೆ ವಲಸಿಗನನ್ನು ಹುಡುಕಿಕೊಂಡೂ ಹೋಯಿತು. ಕೇರಳದಿಂದ ಹೊರದೇಶಕ್ಕೆ ಹೋದವರು 1998ರ ಸಮೀಕ್ಷೆಯಲ್ಲೇ 13 ಲಕ್ಷ ದಾಟಿದ್ದರು, ಹಾಗಾಗಿ ಅಲ್ಲಿ ಮಾರುಕಟ್ಟೆಯಿತ್ತು ಎನ್ನಬಹುದು. ಒಪ್ಪೋಣ. ಆದರೆ ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು, ತುಳುವರು, ಕೊಂಕಣಿ ಕ್ರೈಸ್ತರು ಕಡಿಮೆಯೇ? ಅವರಿಗಾಗಿ ಕನ್ನಡ ಚಾನೆಲ್‌ಗಳು ಮಾಡಿದ, ಮನಸ್ಸಿನಲ್ಲಿ ನಿಂತ ಇಂಥ ಒಂದು ಕಾರ್ಯಕ್ರಮದ ಹೆಸರು ನಮಗೆ ಹೊಳೆಯುವುದಿಲ್ಲ.

ಇನ್ನು ಸುದ್ದಿ. ಇಲ್ಲಿ ನ್ಯಾಯವಾಗಿ ಎರಡೂ ಹೇಳಬೇಕು. 2016ರ ಜುಲೈ ಕೊನೆಯಲ್ಲಿ ಮಹದಾಯಿ ನೀರಿನ ಹೋರಾಟದ ಹೊತ್ತಿಗೆ ಇದೇ ಯಮನೂರಿನಲ್ಲಿ ಪೊಲೀಸರು ಮನೆಗಳಿಗೆ ನುಗ್ಗಿ ಹೆಂಗಸರು, ಮುದುಕರೆನ್ನದೆ ಹೊಡೆದದ್ದನ್ನು ನಾಡಿಗೆಲ್ಲ ತೋರಿಸಿದ್ದು ಟಿ.ವಿ.ಯೇ. ಆ ಚಿತ್ರಗಳಿಲ್ಲದಿದ್ದರೆ ಆ ಏಟು ಹೊಲದ ದಾರಿಯಲ್ಲೇ ಮುಗಿದುಹೋಗುತ್ತಿತ್ತು. ಅದೇ ಟಿ.ವಿ. 2020ರ ಏಪ್ರಿಲ್‌ನಲ್ಲಿ ಕೊರೊನಾವನ್ನು ತಬ್ಲೀಗ್ ಜಮಾಅತಿನ ತಲೆಗೆ ಕಟ್ಟಿತು. ವಿಮಾನಗಳೆಲ್ಲ ನಿಂತಿದ್ದ ತಿಂಗಳುಗಳವು. ದೂರದ ಕ್ಯಾಂಪಿನಲ್ಲಿ ಕುಳಿತವನಿಗೆ ಊರೆಂದರೆ ಪರದೆಯಲ್ಲಿ ಕಂಡದ್ದಷ್ಟೇ. ಫೋನಿನಲ್ಲಿ ತಾಯಿ ‘ಇಧರ್ ಕುಚ್ ಬಿ ನೈ ಹುವಾ ಬಾಬಾ’ ಎನ್ನುತ್ತಾಳೆ, ಏನೂ ಆಗಿಲ್ಲವೆಂದು. ಚಾನೆಲ್ಲು ಎಲ್ಲ ಆಗಿಹೋಗಿದೆ ಎನ್ನುತ್ತದೆ. ಮಗ ಯಾರನ್ನು ನಂಬಬೇಕು? ಆ ವರ್ಷ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ, ಮರ್ಕಝಿಗೆ ಬಂದ ವಿದೇಶಿಯರ ವಿರುದ್ಧ ಪತ್ರಿಕೆ, ಟಿ.ವಿ.ಗಳಲ್ಲಿ ದೊಡ್ಡ ಅಪಪ್ರಚಾರ ನಡೆಯಿತೆಂದು ಹೇಳಿತು. 2021ರ ಜೂನ್‌ನಲ್ಲಿ ಸುದ್ದಿವಾಹಿನಿಗಳದೇ ನಿಯಂತ್ರಣ ಸಂಸ್ಥೆ ಎನ್‌ಬಿಎಸ್‌ಎ ಈ ವರದಿಗಾರಿಕೆಗಾಗಿ ನ್ಯೂಸ್18 ಕನ್ನಡಕ್ಕೆ 1 ಲಕ್ಷ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ಹಾಕಿತು. ಆದರೆ ಊರಿನ ಬಗ್ಗೆ ವಲಸಿಗನ ಎದೆಯಲ್ಲಿ ಒಮ್ಮೆ ಕುಳಿತ ಭಯವನ್ನು ಯಾವ ದಂಡವೂ ಹಿಂದಕ್ಕೆ ತರುವುದಿಲ್ಲ.

ಈಗ ಡಿಶ್ಶಿನ ಕಾಲ ಬಹುಮಟ್ಟಿಗೆ ಮುಗಿದಿದೆ. ಊರು ಮೊಬೈಲಿನಲ್ಲಿ ಬರುತ್ತದೆ. ಹಳ್ಳಿಯ ಹುಡುಗರು ಕಟ್ಟೆಯ ಮೇಲೆ ಕುಳಿತು ತಮ್ಮದೇ ಮಾತಿನಲ್ಲಿ ತೆಗೆದ ಕಿರುನಾಟಕ, ಉರುಸಿನ ಸಂದಲ್, ಮೊಹರಂ ಹೆಜ್ಜೆ ಎಲ್ಲವೂ ಯೂಟ್ಯೂಬಿನಲ್ಲಿವೆ. ಬಾಲ್ಕನಿಯ ದಿಕ್ಕಿನ ಚಿಂತೆಯಿಲ್ಲ, ರಿಮೋಟಿನ ಜಗಳವಿಲ್ಲ. ಚಾನೆಲ್‌ಗಳು ಬಿಟ್ಟದ್ದನ್ನು ಜನರೇ ತುಂಬಿಕೊಂಡರೆಂದು ಸಂತೋಷಪಡಬಹುದು. ಆದರೆ ಅಲ್ಲಿ ಪ್ರತಿಯೊಬ್ಬನೂ ತನ್ನವರನ್ನು ಮಾತ್ರ ನೋಡುತ್ತಾನೆ. ತಿರ್ಲಾಪುರದ ಕಡೆಯವನು ಮೊಬೈಲಿನಲ್ಲಿ ತನ್ನೂರಿನ ಮೊಹರಂ ನೋಡಿದರೆ ಬೆಂಗಳೂರಿನ ಕನ್ನಡಿಗನಿಗೆ ಅದು ಕಂಡಂತಾಗಲಿಲ್ಲ. ನಾಡೆಲ್ಲ ಒಟ್ಟಿಗೆ ಕೂತು ನೋಡುವ ಪರದೆಯ ಹೊಣೆ ಹಾಗೆಯೇ ಉಳಿದಿದೆ.

ಕನ್ನಡ ವಾಹಿನಿಗಳಿಂದ ನಾವು ಕೇಳುವುದು ರಿಯಾಯಿತಿಯನ್ನಲ್ಲ. ರಮಝಾನಿನಲ್ಲಿ ಒಂದು ಬಿರಿಯಾನಿ ಕಾರ್ಯಕ್ರಮ ಹಾಕಿ ಲೆಕ್ಕ ಚುಕ್ತಾ ಮಾಡುವುದೂ ಬೇಡ. ಕಥೆಯ ಬೀದಿಯಲ್ಲಿ ನಿಜವಾದ ಬೀದಿಗಳಲ್ಲಿರುವಷ್ಟು ಮನೆಗಳಿರಲಿ. ಅಲ್ಲಿನ ಮುಸ್ಲಿಂ ತಾನು ಆಡುವ ಕನ್ನಡವನ್ನೇ ಆಡಲಿ. ಹೊರದೇಶದಲ್ಲಿ ದುಡಿಯುವವನನ್ನು ಹಣ ಕಳಿಸುವವನೆಂದು ಮಾತ್ರ ಕಾಣದೆ, ಈ ನಾಡಿನ ಒಬ್ಬನೆಂದು ಕಂಡು ಅವನ ಪಾಡನ್ನೂ ಕೇಳಲಿ. ನಮ್ಮಲ್ಲಿ ಬರೆಯಬಲ್ಲ, ನಟಿಸಬಲ್ಲ, ಕ್ಯಾಮೆರಾ ಹಿಡಿಯಬಲ್ಲ ಹುಡುಗ ಹುಡುಗಿಯರನ್ನು ಈ ಕ್ಷೇತ್ರಕ್ಕೆ ಕಳಿಸುವ ಕೆಲಸ ನಮ್ಮದು, ಟಿ.ವಿ. ಹರಾಮೋ ಹಲಾಲೋ ಎಂಬ ವಾದದಲ್ಲೇ ಎರಡು ದಶಕ ಕಳೆದ ನಮ್ಮ ಮೊಹಲ್ಲಾಗಳು ಇದನ್ನು ಯೋಚಿಸಬೇಕು. ರಿಂಕೆಬಿಯ ಆ ಕುಟುಂಬ ಡಿಶ್ ಉಳಿಸಿಕೊಳ್ಳಲು ಬಾಡಿಗೆಯ ಮನೆಯನ್ನೇ ಪಣಕ್ಕಿಟ್ಟಿತು. ತಮ್ಮ ಭಾಷೆಯ ಪರದೆಗಾಗಿ ಅಷ್ಟನ್ನು ತೆರಲು ಸಿದ್ಧರಿರುವ ಜನರಿಗೆ ಆ ಪರದೆಯಲ್ಲಿ ಒಂದು ಜಾಗವನ್ನಾದರೂ ಕೊಡಬೇಡವೇ?